ಒಂದೇ ಕಾವಿನ ಮರಿಗಳಿಗೆ ಹಲವು ಬಣ್ಣವೇಕೆ? ಹಿತ್ತಲ ಕೋಳಿಯ ಗರಿ ಹೇಳುವುದೆಷ್ಟು, ಮುಚ್ಚಿಡುವುದೆಷ್ಟು

ಬಾಣಾವರ: ತೆಂಗಿನ ತೋಟ, ರಾಗಿ ಹೊಲಗಳ ಸೀಮೆಯಾದ ಅರಸೀಕೆರೆ ತಾಲ್ಲೂಕಿನ ಬಾಣಾವರದಂತಹ ಊರುಗಳಲ್ಲಿ ಹಿತ್ತಲ ಕೋಳಿ ಎಂದರೆ ಮನೆಯ ಹೆಂಗಸರ ಕೈಕಾಸು. ಕಾವಿಗೆ ಕೂರಿಸಿದ ಹತ್ತು ಮೊಟ್ಟೆಗಳಿಂದ ಕಪ್ಪು, ಕೆಂಪು, ಬೂದು, ಬಿಳಿ ಮರಿಗಳು ಒಟ್ಟಿಗೇ ಹೊರಬರುವುದು ಇಲ್ಲಿ ಯಾರಿಗೂ ಹೊಸತಲ್ಲ. ಆದರೆ ಬಣ್ಣದ ಗರಿ ಇದ್ದರೆ ನಾಟಿ ಕೋಳಿ ಎಂದು ನಂಬಿ ಹೆಚ್ಚು ಬೆಲೆ ತೆರುವ ಗ್ರಾಹಕರು ನಗರಗಳಲ್ಲಿದ್ದಾರೆ. ಬಣ್ಣ ನೋಡಿ ತಳಿ ಆರಿಸುವ ಸಾಕಣೆದಾರರೂ ಇದ್ದಾರೆ. ಗರಿಯ ಬಣ್ಣ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಅರಿತರೆ ಇಬ್ಬರಿಗೂ ನಷ್ಟ ತಪ್ಪುತ್ತದೆ.

ಎರಡೇ ವರ್ಣದ್ರವ್ಯ

ಕೋಳಿಯ ಗರಿಯಲ್ಲಿ ಕಾಣುವ ನಾನಾ ಬಣ್ಣಗಳಿಗೆ ಮೂಲ ಎರಡೇ ವರ್ಣದ್ರವ್ಯಗಳು. ಒಂದು ಕಪ್ಪು, ಇನ್ನೊಂದು ಕೆಂಗಂದು. ಇವುಗಳ ಪ್ರಮಾಣ ಹಾಗೂ ಹಂಚಿಕೆಯನ್ನು ಹಲವು ಜೀನ್‌ಗಳು ನಿರ್ಧರಿಸುತ್ತವೆ. ಎರಡೂ ಗರಿಗೆ ಇಳಿಯದಂತೆ ತಡೆಯಾದರೆ ಬಿಳಿ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಅದರ ಹುಂಜಕ್ಕೆ ಕಪ್ಪು ಎದೆ, ಕೆಂಪು ಬೆನ್ನು. ಹೇಟೆಗೆ ಮಣ್ಣಿನ ಕಂದು. ಹಳ್ಳಿಗಳಲ್ಲಿ ಇಂದಿಗೂ ಇದೇ ಮೈಬಣ್ಣದ ಜೋಡಿಗಳು ಕಾಣಸಿಗುತ್ತವೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯ ಪಾಲೂ ಸಾಕುಕೋಳಿಯಲ್ಲಿದೆ. ಕಾಲು ಹಳದಿಯಾಗಲು ಕಾರಣವಾದ ಜೀನ್ ಆ ಜಾತಿಯಿಂದ ಬಂದುದೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಮೆಂಡಲ್ ಬಟಾಣಿ ಗಿಡದಲ್ಲಿ ಕಂಡ ಅನುವಂಶೀಯ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಗಳ ಮೂಲಕವೇ ಎಂಬುದು ಗಮನಾರ್ಹ.

ಅಡಗಿ ಕೂರುವ ಬಣ್ಣ

ಪ್ರತಿ ಮರಿಗೂ ಒಂದು ಗುಣಕ್ಕೆ ಸಾಮಾನ್ಯವಾಗಿ ಎರಡು ಜೀನ್ ಪ್ರತಿಗಳು ದೊರೆಯುತ್ತವೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಪ್ರಬಲವಾದುದು ಮೈಮೇಲೆ ಕಾಣುತ್ತದೆ, ದುರ್ಬಲವಾದುದು ಒಳಗೇ ಉಳಿಯುತ್ತದೆ. ಬಿಳಿ ಬಣ್ಣದಲ್ಲಿ ಈ ಎರಡೂ ಬಗೆಗಳಿವೆ. ವೈಟ್ ಲೆಗಾರ್ನ್ ಕೋಳಿಯ ಬಿಳಿ ಪ್ರಬಲ. ಅದನ್ನು ಕಪ್ಪು ಹೇಟೆಯೊಂದಿಗೆ ಕೂಡಿಸಿದರೆ ಮರಿಗಳು ಬಹುಮಟ್ಟಿಗೆ ಬಿಳಿಯಾಗಿದ್ದು, ಅಲ್ಲಲ್ಲಿ ಕಪ್ಪು ಚುಕ್ಕೆ ಇರಬಹುದು. ಆ ಮರಿಗಳು ಬೆಳೆದು ತಮ್ಮಲ್ಲೇ ಕೂಡಿದಾಗ ಮರೆಯಾಗಿದ್ದ ಕಪ್ಪು ಮತ್ತೆ ತಲೆ ಎತ್ತುತ್ತದೆ. ದುರ್ಬಲ ಬಿಳಿಯದು ಇದಕ್ಕೆ ತದ್ವಿರುದ್ಧ. ಬಣ್ಣದ ಹುಂಜ ಹಾಗೂ ಬಣ್ಣದ ಹೇಟೆ ಎರಡೂ ಆ ಜೀನನ್ನು ಒಳಗಿಟ್ಟುಕೊಂಡಿದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿಯಾಗುತ್ತದೆ. ಬೇರೆ ಹುಂಜ ನುಗ್ಗಿತೆಂದು ಅನುಮಾನಿಸಬೇಕಿಲ್ಲ.

ಬೂದುನೀಲಿ ಬಣ್ಣದ್ದು ಮೂರನೆಯ ದಾರಿ. ಇಲ್ಲಿ ಯಾವ ಪ್ರತಿಯೂ ಪೂರ್ಣ ಪ್ರಬಲವಲ್ಲ. ಬೂದುನೀಲಿ ಜೋಡಿಯ ಮರಿಗಳಲ್ಲಿ ಸರಾಸರಿ ಅರ್ಧದಷ್ಟು ಬೂದುನೀಲಿ, ಕಾಲುಭಾಗ ಕಪ್ಪು, ಕಾಲುಭಾಗ ಬೂದುಕಲೆಯ ಮಾಸಲು ಬಿಳಿ. ಎಷ್ಟು ತಲೆಮಾರು ಆರಿಸಿದರೂ ಈ ಬಣ್ಣ ಸ್ಥಿರವಾಗದು. ಎಲ್ಲ ಮರಿಗಳೂ ಬೂದುನೀಲಿಯೇ ಆಗಬೇಕಿದ್ದರೆ ಕಪ್ಪು ಹಾಗೂ ಮಾಸಲು ಬಿಳಿ ಕೋಳಿಗಳನ್ನು ಕೂಡಿಸಬೇಕು.

ತಾಯಿಯಂತೆ ಮಗಳಲ್ಲ

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಕೋಳಿಯ ಕೆಲವು ಬಣ್ಣಗಳಿಗೆ ಹೊಂದುವುದಿಲ್ಲ. ಹುಂಜದಲ್ಲಿ ಎರಡು ಜೆಡ್ ವರ್ಣತಂತುಗಳಿದ್ದರೆ ಹೇಟೆಯಲ್ಲಿ ಒಂದು ಜೆಡ್, ಒಂದು ಡಬ್ಲ್ಯು. ಹೇಟೆ ತನ್ನ ಜೆಡ್ ವರ್ಣತಂತುವನ್ನು ಗಂಡುಮರಿಗೆ ಮಾತ್ರ ಕೊಡುತ್ತದೆ. ಹೆಣ್ಣುಮರಿಗೆ ಜೆಡ್ ಬರುವುದು ತಂದೆಯಿಂದಲೇ. ಗರಿಯ ಅಡ್ಡಪಟ್ಟೆಯ ಜೀನ್ ಹಾಗೂ ಕೆಂಗಂದನ್ನು ಬೆಳ್ಳಿಬಿಳಿಯಾಗಿಸುವ ಜೀನ್ ಇರುವುದು ಈ ಜೆಡ್‌ನಲ್ಲಿ.

ಅಡ್ಡಪಟ್ಟೆಯ ಹೇಟೆಯನ್ನು ಪಟ್ಟೆಯಿಲ್ಲದ ಅಚ್ಚ ಕಪ್ಪು ಹುಂಜದೊಂದಿಗೆ ಕೂಡಿಸಿದರೆ ಗಂಡುಮರಿಗಳಿಗೆಲ್ಲ ಪಟ್ಟೆ ಬರುತ್ತದೆ, ಹೆಣ್ಣುಮರಿಗಳು ಕಪ್ಪಾಗಿಯೇ ಉಳಿಯುತ್ತವೆ. ಒಡೆದು ಬಂದ ದಿನವೇ ಗಂಡುಮರಿಯ ನೆತ್ತಿಯ ಮೇಲಿನ ಬಿಳಿ ಮಚ್ಚೆಯಿಂದ ಗುರುತು ಹಿಡಿಯಬಹುದು. ಹುಂಜ ಪಟ್ಟೆಯದಾಗಿ ಹೇಟೆ ಕಪ್ಪಾಗಿದ್ದರೆ ಈ ಉಪಾಯ ನಡೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಆಹಾರ ಉಳಿಸಲೆಂದು ಬ್ರಿಟನ್ನಿನ ರೆಜಿನಾಲ್ಡ್ ಪನೆಟ್ ಸೂಚಿಸಿದ್ದು ಲಿಂಗಕ್ಕೆ ಅಂಟಿದ ಬಣ್ಣಗಳ ಈ ಸೂತ್ರವನ್ನೇ.

ಗಿರಿರಾಜನ ಮರಿ ಗಿರಿರಾಜನಲ್ಲ

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ಕೃಷಿ ವಿಶ್ವವಿದ್ಯಾನಿಲಯದ ಭಾಗವಾಗಿದ್ದ ಕಾಲದಲ್ಲಿ, 1980ರ ದಶಕದ ಕೊನೆಯ ವೇಳೆಗೆ, ಗಿರಿರಾಜ ಕೋಳಿ ಅಲ್ಲಿ ರೂಪುಗೊಂಡಿತು. ಬಳಿಕ ಬೀದರಿನ ಪಶುವೈದ್ಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ 2005ರಲ್ಲಿ ಸ್ವರ್ಣಧಾರವನ್ನು ಹೊರತಂದಿತು. ಗಿರಿರಾಜ ಹೇಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಈ ತಳಿಗಳಿಗೆ ಬಣ್ಣದ ಗರಿ ಇರುವುದು ಕೇವಲ ಅಂದಕ್ಕಲ್ಲ. ಬಯಲಿನಲ್ಲಿ ಮೇಯುವ ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ಹಳ್ಳಿಯ ಜನರ ಒಲವೂ ಬಣ್ಣದ ಕೋಳಿಯ ಕಡೆಗೇ.

ಗಿರಿರಾಜ ಬೇರೆ ಬೇರೆ ಗುಣಗಳ ಸಾಲುಗಳನ್ನು ಬೆರೆಸಿ ಪಡೆದ ಮಿಶ್ರತಳಿ. ಅದರ ಮೊಟ್ಟೆಗಳನ್ನೇ ನಾಟಿ ಹೇಟೆಯ ಕಾವಿಗಿಟ್ಟು ಮರಿ ಮಾಡಿಸಿದರೆ ಮುಂದಿನ ತಲೆಮಾರಿನಲ್ಲಿ ಜೀನ್‌ಗಳು ಚದುರಿಹೋಗುತ್ತವೆ. ಮರಿಗಳ ಬಣ್ಣ ಮಾತ್ರವಲ್ಲ, ತೂಕ ಹಾಗೂ ಮೊಟ್ಟೆಯ ಸಂಖ್ಯೆಯೂ ಏರುಪೇರಾಗುತ್ತದೆ. ಬಣ್ಣ ಉಳಿಯಿತೆಂದರೆ ಇಳುವರಿಯೂ ಉಳಿಯಿತೆಂದು ಅರ್ಥವಲ್ಲ. ಅವೆರಡನ್ನೂ ಬಹುಪಾಲು ಬೇರೆ ಬೇರೆ ಜೀನ್‌ಗಳು ನಡೆಸುತ್ತವೆ.

ಕಪ್ಪು ಗರಿ, ಕಪ್ಪು ಮಾಂಸ ಬೇರೆ

ಮಧ್ಯಪ್ರದೇಶದ ಝಾಬುವಾ ಸೀಮೆಯ ಕಡಕ್‌ನಾಥ್ ಕೋಳಿಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅದರ ಚರ್ಮ, ಮಾಂಸ, ಮೂಳೆಯ ಹೊದಿಕೆ ಕಪ್ಪಾಗಲು ಕಾರಣ ಗರಿಯ ಬಣ್ಣಕ್ಕೆ ಸಂಬಂಧಿಸದ ಪ್ರತ್ಯೇಕ ಜೀನ್ ಬದಲಾವಣೆ. ಬಿಳಿ ಗರಿಯ ಸಿಲ್ಕಿ ಕೋಳಿಯ ಚರ್ಮ ಕಪ್ಪಾಗಿರುವುದೇ ಇದಕ್ಕೆ ಸಾಕ್ಷಿ. ಕಪ್ಪು ಗರಿಯ ನಾಟಿ ಕೋಳಿಯ ಮಾಂಸ ಸಾಮಾನ್ಯವಾಗಿಯೇ ಇರುತ್ತದೆ. ಹೀಗಾಗಿ ಕರಿ ಮರಿಯನ್ನು ಕಡಕ್‌ನಾಥ್ ಎಂದು ಕೊಳ್ಳುವ ಮುನ್ನ ಚರ್ಮ, ಕಾಲು, ಜುಟ್ಟು ಹಾಗೂ ಬಾಯಿಯ ಒಳಭಾಗವನ್ನು ನೋಡುವುದು ಜಾಣತನ. ಮಿಶ್ರ ಮರಿಗಳೂ ಕಪ್ಪಾಗಿ ಹುಟ್ಟುವುದರಿಂದ ಇಷ್ಟೇ ಪೂರ್ಣ ಖಾತ್ರಿಯಲ್ಲ.

ಸಾಕಣೆದಾರರು ಗಮನಿಸಬೇಕಾದದ್ದು

ಬಣ್ಣ ಆರಿಸಿ ಮರಿ ಮಾಡಿಸುವವರು ಆಯ್ದ ಹುಂಜ, ಹೇಟೆಗಳನ್ನು ಬೇರೆ ಗೂಡಿನಲ್ಲಿಡಬೇಕು. ಹಳೆಯ ಹುಂಜದ ವೀರ್ಯ ಹೇಟೆಯ ದೇಹದಲ್ಲಿ ಎರಡು-ಮೂರು ವಾರ ಉಳಿಯಬಲ್ಲದು. ಆದ್ದರಿಂದ ಹುಂಜವನ್ನು ಬದಲಿಸಿದ ಮೇಲೆ ಕನಿಷ್ಠ ಮೂರು ವಾರದ ಮೊಟ್ಟೆಗಳನ್ನು ಕಾವಿಗಿಡಬಾರದು. ಕಾಲಿಗೆ ಉಂಗುರ ಹಾಕಿ, ಯಾವ ಜೋಡಿಗೆ ಯಾವ ಮರಿ ಎಂದು ಬರೆದಿಡುವುದು ಲೇಸು. ಕೆಲವೇ ಮರಿಗಳ ಲೆಕ್ಕ ನೋಡಿ ತೀರ್ಮಾನಕ್ಕೆ ಬರಬಾರದು. ನಾಲ್ಕರಲ್ಲಿ ಒಂದು ಎಂಬುದು ಸರಾಸರಿ ಮಾತ್ರ.

ಬಣ್ಣಕ್ಕಾಗಿ ಒಂದೇ ಮನೆಯ ಹುಂಜವನ್ನು ಅದರ ಮರಿಗಳೊಂದಿಗೇ ಮತ್ತೆ ಮತ್ತೆ ಕೂಡಿಸಿದರೆ ಮೊಟ್ಟೆ ಒಡೆಯುವ ಪ್ರಮಾಣವೂ ಮರಿಗಳ ಕಸುವೂ ಕುಗ್ಗುತ್ತವೆ. ನಾಟಿ ಕೋಳಿಯ ನಿಜವಾದ ಆಸ್ತಿ ತಾನೇ ಕಾವಿಗೆ ಕೂತು ಮರಿ ಸಾಕುವ ಗುಣ, ಬಯಲಲ್ಲಿ ಮೇದು ಬದುಕುವ ಚುರುಕು. ಮೊದಲು ಇವನ್ನು ನೋಡಿ, ಬಣ್ಣವನ್ನು ಅನಂತರ ಆರಿಸಿದರೆ ಹಿತ್ತಲಿನ ತಳಿ ಉಳಿಯುತ್ತದೆ. ಕೊಳ್ಳುವವರಿಗೂ ಇದೇ ಮಾತು: ಗರಿಯ ಬಣ್ಣ ತಳಿಯ ಪ್ರಮಾಣಪತ್ರವಲ್ಲ. ಕೋಳಿ ಎಲ್ಲಿ, ಹೇಗೆ ಬೆಳೆಯಿತೆಂದು ಕೇಳಿ ತಿಳಿದು ಬೆಲೆ ಕೊಡುವುದೇ ಸರಿಯಾದ ದಾರಿ.