ಮಕ್ಕಳನ್ನು ದೊಡ್ಡ ಕಾಲೇಜಿಗೆ ಕಳುಹಿಸಿದ ಬಗೆ

ಕಳೆದ ಆಷಾಢದಲ್ಲಿ ನಮ್ಮ ಅಕ್ಕನ ಮೊಮ್ಮಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷಗಳ ಪದವಿ ತರಗತಿಯಲ್ಲಿ ಸ್ಥಾನ ದೊರೆಯಿತು. ಬಸವನಗುಡಿಯ ಹಳಬರ ಬಾಯಲ್ಲಿ ಅದು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. ನಮ್ಮ ಮನೆಯಿಂದ ಹತ್ತು ಕಿಲೋಮೀಟರ್ ದೂರ. ನ್ಯಾಷನಲ್ ಕಾಲೇಜಿನ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಯಶವಂತಪುರದ ಬಳಿ ಇಳಿದರೆ ಮುಗಿಯಿತು. ಆದರೂ ಹುಡುಗಿ ಹಾಸ್ಟೆಲಿನಲ್ಲಿಯೇ ಇರುವುದೆಂದು ತೀರ್ಮಾನವಾದದ್ದರಿಂದ ಮನೆಯಲ್ಲಿ ಒಂದು ತಿಂಗಳು ಮದುವೆಯ ಸಂಭ್ರಮ. ಹಾಸಿಗೆ, ಬಕೆಟ್ಟು, ಲ್ಯಾಪ್‌ಟಾಪು, ಸೊಳ್ಳೆಪರದೆ, ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿಯ ಚಟ್ನಿಪುಡಿ. ಪಟ್ಟಿ ದಿನದಿನಕ್ಕೂ ಬೆಳೆಯಿತು. ಅವಳ ತಾಯಿ ಪ್ರತಿ ಸಂಜೆಯೂ ಆ ಪಟ್ಟಿಯನ್ನು ಓದಿ, "ಇನ್ನೇನು ಬಿಟ್ಟುಹೋಗಿದೆ ಮಾವ?" ಎಂದು ನನ್ನನ್ನು ಕೇಳುತ್ತಿದ್ದಳು.

ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನನಗೆ ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಮ್ಮ ಊರಿನ ತಂದೆತಾಯಿಗಳು ಹಿಂದೆ ಮಕ್ಕಳನ್ನು ದೊಡ್ಡ ವಿದ್ಯಾಸಂಸ್ಥೆಗಳಿಗೆ ಕಳುಹಿಸಿದ್ದು ಹೇಗೆ, ಅವರ ಪೆಟ್ಟಿಗೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಯೋಚಿಸತೊಡಗಿದೆ. ಆ ಯೋಚನೆಯ ಫಲವೇ ಈ ಬರಹ.

ನಮ್ಮ ಊರಿನ ಮೊದಲ ದೊಡ್ಡ ಕಾಲೇಜೆಂದರೆ ಸೆಂಟ್ರಲ್ ಕಾಲೇಜು. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾದ ಅದು ಮುಂದೆ ಕಾಲೇಜಾಗಿ ಬೆಳೆಯಿತು. ಆಗ ಪದವಿ ಕೊಡುತ್ತಿದ್ದುದು ಮದ್ರಾಸು ವಿಶ್ವವಿದ್ಯಾನಿಲಯ. ಮುದ್ದೇನಹಳ್ಳಿಯ ಬಾಲಕ ವಿಶ್ವೇಶ್ವರಯ್ಯನವರು ಅಲ್ಲಿಗೆ ಬಂದಾಗ ತಂದೆ ಶ್ರೀನಿವಾಸ ಶಾಸ್ತ್ರಿಗಳು ಆಗಲೇ ತೀರಿಹೋಗಿದ್ದರು. ತಾಯಿ ವೆಂಕಟಲಕ್ಷ್ಮಮ್ಮನವರ ಕೈಯಲ್ಲಿ ಹಣವಿರಲಿಲ್ಲ. ಆಕೆ ಮಾಡಬಹುದಾಗಿದ್ದ ಸಿದ್ಧತೆ ಒಂದೇ: ಬೆಂಗಳೂರಿನಲ್ಲಿದ್ದ ತಮ್ಮ ರಾಮಯ್ಯನವರ ಆಶ್ರಯಕ್ಕೆ ಮಗನನ್ನು ಒಪ್ಪಿಸುವುದು. ಹುಡುಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ನಿಭಾಯಿಸಿದ. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪುಣೆಯ ವಿಜ್ಞಾನ ಕಾಲೇಜಿನ ಬಾಗಿಲು ತೆರೆಯಿತು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರೇ ಮೊದಲಿಗರು. ಈ ಲೆಕ್ಕವನ್ನು ಬಿಡಿಸಿ ನೋಡಿದರೆ ತಾಯಿಯ ಧೈರ್ಯ, ಸೋದರಮಾವನ ಮನೆಯ ಅನ್ನ, ಮನೆಪಾಠದ ಸಂಬಳ, ಸರ್ಕಾರದ ವೇತನ ಎಂಬ ನಾಲ್ಕು ಅಂಶಗಳು ಕಾಣುತ್ತವೆ. ನಾಲ್ಕರಲ್ಲಿ ಯಾವುದೊಂದು ತಪ್ಪಿದ್ದರೂ ಕನ್ನಂಬಾಡಿಯ ಕಥೆ ಬೇರೆಯಾಗುತ್ತಿತ್ತು.

ಇದಾದ ಮುಂದಿನ ಎರಡು ದಶಕಗಳಲ್ಲಿ ಚಾಮರಾಜಪೇಟೆ, ಮಲ್ಲೇಶ್ವರ, ಬಸವನಗುಡಿಗಳು ಹುಟ್ಟಿದವು. 1898ರ ಪ್ಲೇಗಿನ ಭಯ ಹಳೆಯ ಪೇಟೆಯ ಜನರನ್ನು ಈ ಗಾಳಿ ಬೆಳಕಿನ ಬಡಾವಣೆಗಳಿಗೆ ಅಟ್ಟಿತು. ಗುಮಾಸ್ತರು, ಮೇಷ್ಟರು, ವಕೀಲರು, ಅಮಲ್ದಾರರು ಇಲ್ಲಿ ಮನೆ ಕಟ್ಟಿದರು. ಅವರ ಜೊತೆಗೇ ವಿದ್ಯಾರ್ಥಿಗಳೂ ಬಂದರು. ವಾರಾನ್ನವೆಂಬ ಪದ್ಧತಿಯನ್ನು ಇಂದಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ಹಳ್ಳಿಯಿಂದ ಬಂದ ಬಡ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಮತ್ತೊಂದು ಮನೆಯಲ್ಲಿ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವುದು. ಮಗನನ್ನು ಕಾಲೇಜಿಗೆ ಸೇರಿಸಲು ಬಂದ ತಂದೆ ಮೊದಲು ತಿರುಗುತ್ತಿದ್ದುದು ಕಾಲೇಜಿನ ಕಚೇರಿಗಲ್ಲ, ಈ ಮನೆಗಳ ಜಗುಲಿಗಳಿಗೆ. ಆರು ಮನೆ ಸಿಕ್ಕಿ ಏಳನೆಯದು ಸಿಗದಿದ್ದರೆ ಆ ದಿನ ಹುಡುಗನಿಗೆ ಏಕಾದಶಿ. ಈ ಪದ್ಧತಿಯಲ್ಲಿ ಔದಾರ್ಯವಿತ್ತು, ಜಾತಿಯ ಬೇಲಿಯೂ ಇತ್ತು. ಒಂದು ಜಾತಿಯ ಹುಡುಗನಿಗೆ ತೆರೆದ ಅಡಿಗೆಮನೆ ಇನ್ನೊಂದು ಜಾತಿಯವನಿಗೆ ತೆರೆಯುತ್ತಿರಲಿಲ್ಲ. ಬೇರೆ ಬೇರೆ ಸಮುದಾಯಗಳು ತಮ್ಮವೇ ಸಂಘಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಕಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ ಕಾಲದಲ್ಲಿ ಹಳ್ಳಿಯ ತಂದೆಯೊಬ್ಬನಿಗೆ ಮಗನ ಓದೆಂದರೆ ಮೊದಲು ಪಟ್ಟಣದಲ್ಲಿ ಅವನ ಊಟ, ಆಮೇಲೆ ಪುಸ್ತಕ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದರ ಎರಡು ಕಣ್ಣುಗಳು. ಅದಕ್ಕೂ ಐದು ವರ್ಷ ಮುಂಚೆ, 1911ರಲ್ಲಿ, ಮಹಾರಾಜರು ಕೊಟ್ಟ 371 ಎಕರೆ ಭೂಮಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಪಾಠಗಳು ಆರಂಭವಾಗಿದ್ದವು. ಮಲ್ಲೇಶ್ವರದವರಿಗೆ ಅದು ನೆರೆಯ ತೋಟ. ಆದರೆ ಅದು ಪದವಿ ಮುಗಿಸಿದವರಿಗಾಗಿ ಇದ್ದ ಜಾಗ. ಪದವಿ ತರಗತಿಗಳು ಅಲ್ಲಿಗೆ ಬಂದದ್ದು ನೂರು ವರ್ಷಗಳ ತರುವಾಯ, 2011ರಲ್ಲಿ.

ಈ ಚರಿತ್ರೆಯಲ್ಲಿ ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದ ಹೆಸರು ಡಾ. ಎಚ್. ನರಸಿಂಹಯ್ಯನವರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಅವರು 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬೆಂಗಳೂರಿಗೆ ಬಂದದ್ದು ಕಾಲ್ನಡಿಗೆಯಲ್ಲಿ. ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್, ಎರಡು ದಿನದ ನಡಿಗೆ. ಬಸ್ಸಿಗೆ ಹಣವಿರಲಿಲ್ಲ. ಅಲ್ಲಿಂದ ಸೆಂಟ್ರಲ್ ಕಾಲೇಜಿಗೆ ಹೋಗಿ ಭೌತಶಾಸ್ತ್ರ ಓದಿದರು. 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡು, ಮರಳಿ ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. 1960ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆಗಿದ್ದ ಅವರು ದಶಕಗಳ ಕಾಲ ವಾಸವಾಗಿದ್ದದ್ದು ಬಸವನಗುಡಿಯ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ. ಬಡ ಹುಡುಗನಿಗೆ ಪಟ್ಟಣದಲ್ಲಿ ಒಂದು ಕೊಠಡಿಯೆಂದರೆ ಏನೆಂಬುದನ್ನು ಅವರು 2005ರಲ್ಲಿ ತೀರಿಕೊಳ್ಳುವವರೆಗೂ ಮರೆಯಲಿಲ್ಲವೆಂದು ನನ್ನ ಭಾವನೆ.

ಇನ್ನೊಂದು ಬಗೆಯ ಸಿದ್ಧತೆಯೂ ಉಂಟು. ಬಸವನಗುಡಿಯಲ್ಲಿ 1934ರಲ್ಲಿ ಜನಿಸಿದ ಸಿ.ಎನ್.ಆರ್. ರಾವ್ ಅವರು ಆರು ವರ್ಷ ತುಂಬುವವರೆಗೆ ಶಾಲೆಯ ಮುಖ ನೋಡಲಿಲ್ಲ. ತಾಯಿ ನಾಗಮ್ಮನವರೇ ಮನೆಯಲ್ಲಿ ಲೆಕ್ಕವನ್ನೂ ಪುರಾಣಗಳನ್ನೂ ಕಲಿಸಿದರು. 1940ರಲ್ಲಿ ಹುಡುಗ ನೇರವಾಗಿ ಮಾಧ್ಯಮಿಕ ಶಾಲೆಗೆ ಹೋದ. ತಂದೆ ಶಾಲೆಗಳ ಇನ್ಸ್‌ಪೆಕ್ಟರರು. ಮಗ ಕನ್ನಡದಲ್ಲಿಯೇ ಕಲಿಯಲೆಂದು ಬಯಸಿದವರು. ಆಚಾರ್ಯ ಪಾಠಶಾಲೆ, ಸೆಂಟ್ರಲ್ ಕಾಲೇಜುಗಳನ್ನು ದಾಟಿ ಹದಿನೇಳನೆಯ ವಯಸ್ಸಿಗೆ, 1951ರಲ್ಲಿ, ಪದವಿ ಪಡೆದ ಆ ತರುಣ ಅಧ್ಯಾಪಕರೊಬ್ಬರ ಮಾತಿನಂತೆ ದೂರದ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೊರಟ. ಅಲ್ಲಿಂದ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯ, 1958ರಲ್ಲಿ ಡಾಕ್ಟರೇಟ್. ಹದಿನೇಳರ ಮಗನನ್ನು ಕಾಶಿಯ ರೈಲು ಹತ್ತಿಸುವ ತಾಯಿಯ ಮನಸ್ಸನ್ನು ಊಹಿಸಿಕೊಳ್ಳಿ. ಆದರೆ ಆಕೆ ತನ್ನ ಕೆಲಸವನ್ನು ಹತ್ತು ವರ್ಷ ಮೊದಲೇ, ಅಡಿಗೆಮನೆಯ ಪಕ್ಕದ ಚಾಪೆಯ ಮೇಲೆ, ಮುಗಿಸಿಬಿಟ್ಟಿದ್ದರು.

ಇದುವರೆಗೆ ಹೇಳಿದ್ದೆಲ್ಲ ಗಂಡುಮಕ್ಕಳ ಕಥೆ. ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕದ ರೀತಿಯೇ ಬೇರೆ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಎಂ.ಎಸ್‌ಸಿ. ಮಾಡಿ, 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಸಂಶೋಧನೆಗಾಗಿ ಸೇರಿದರು. ವಿದೇಶ ವ್ಯಾಸಂಗದ ಸರ್ಕಾರಿ ವಿದ್ಯಾರ್ಥಿವೇತನ ದೊರೆತು, ಸ್ವಾತಂತ್ರ್ಯಕ್ಕೆ ಇನ್ನು ಕೆಲವೇ ವಾರಗಳಿದ್ದ 1947ರ ಜುಲೈಯಲ್ಲಿ, ಅವಿವಾಹಿತ ತರುಣಿಯಾಗಿ ಹಡಗು ಹತ್ತಿದರು. ಸುಮಾರು ಒಂದು ತಿಂಗಳ ಪ್ರಯಾಣದ ಕೊನೆಗೆ ಮಿಷಿಗನ್ ವಿಶ್ವವಿದ್ಯಾನಿಲಯ. 1953ರಲ್ಲಿ ಡಾಕ್ಟರೇಟ್ ಮುಗಿಸಿ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು; ವಿವಾಹಾನಂತರ ರಾಜೇಶ್ವರಿ ಚಟರ್ಜಿ ಎಂದು ಪ್ರಸಿದ್ಧರಾದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ.

ಇದು ಸಾಧ್ಯವಾದದ್ದು ಹೇಗೆ? ಪ್ರತಿಭೆಯಿತ್ತು, ನಿಜ. ಆದರೆ ಅವರ ಹಿಂದೆ ಕಮಲಮ್ಮ ದಾಸಪ್ಪನವರೆಂಬ ಅಜ್ಜಿ ಇದ್ದರು. ಹಳೆಯ ಮೈಸೂರು ಸೀಮೆಯ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರೂ ಪರಿತ್ಯಕ್ತೆಯರೂ ಬೇಗ ಓದು ಮುಗಿಸಿ ಸ್ವಂತ ಕಾಲಿನ ಮೇಲೆ ನಿಲ್ಲಲೆಂದು ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ ವಿಶೇಷ ಇಂಗ್ಲಿಷ್ ಶಾಲೆಯೊಂದನ್ನು ನಡೆಸಲು ದುಡಿದವರು. ರಾಜೇಶ್ವರಿಯವರು ಓದಿದ್ದೂ ಅದೇ ಶಾಲೆಯಲ್ಲಿ. ಹಡಗಿನ ಪೆಟ್ಟಿಗೆಯನ್ನು 1947ರಲ್ಲಿ ತುಂಬಿದರೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಆ ಅಜ್ಜಿ ಅದನ್ನು ಎರಡು ತಲೆಮಾರು ಮುಂಚೆಯೇ ತುಂಬತೊಡಗಿದ್ದರು.

ನಮ್ಮ ಮನೆಯಲ್ಲಿ ಅಂಥ ಅಜ್ಜಿ ಇರಲಿಲ್ಲ. ಈ ಮಾತನ್ನು ಇಷ್ಟು ವರ್ಷ ಬರೆಯದೆ ಇದ್ದೆ. ಈಗ ಅಕ್ಕನ ಅಪ್ಪಣೆ ಪಡೆದು ಬರೆಯುತ್ತಿದ್ದೇನೆ.

1973ರಲ್ಲಿ ಅಕ್ಕ ಬಿ.ಎಸ್‌ಸಿ. ಪ್ರಥಮ ದರ್ಜೆಯಲ್ಲಿ ಮುಗಿಸಿದಳು. ಮದ್ರಾಸಿನ ಐ.ಐ.ಟಿ.ಯಲ್ಲಿ ಎಂ.ಎಸ್‌ಸಿ. ಗಣಿತಕ್ಕೆ ಸ್ಥಾನ ಸಿಕ್ಕಿದೆಯೆಂದು ಕಾಗದ ಬಂತು. ನನಗಾಗ ಹದಿನಾಲ್ಕು ವರ್ಷ. ಅಪ್ಪ ನನ್ನನ್ನು ಕರೆದುಕೊಂಡು ಚಿಕ್ಕಪೇಟೆಗೆ ಹೋಗಿ ಹಸಿರು ಬಣ್ಣದ ಕಬ್ಬಿಣದ ಟ್ರಂಕನ್ನೂ ಹಿತ್ತಾಳೆಯ ಬೀಗವನ್ನೂ ಕೊಂಡರು. ಅಮ್ಮ ಚಟ್ನಿಪುಡಿ ಕುಟ್ಟಿದರು. ಟ್ರಂಕಿನ ಮುಚ್ಚಳದ ಒಳಗೆ ಅಕ್ಕ ತನ್ನ ಹೆಸರನ್ನೂ ಹಾಸ್ಟೆಲಿನ ವಿಳಾಸವನ್ನೂ ಬಿಳಿಯ ಬಣ್ಣದಲ್ಲಿ ಬರೆದಳು. ಹೊರಡಲು ಹನ್ನೆರಡು ದಿನಗಳಿದ್ದಾಗ ಬಂಧುಗಳೊಬ್ಬರು ಒಂದು ಸಂಬಂಧ ತಂದರು. ಒಳ್ಳೆಯ ಮನೆತನ, ಸರ್ಕಾರಿ ನೌಕರಿ. "ಗಂಡುಹುಡುಗರ ನಡುವೆ, ಅದೂ ಪರಊರಿನಲ್ಲಿ, ಎರಡು ವರ್ಷ ಯಾಕೆ?" ಎಂದು ಅಜ್ಜಿ ಒಂದೇ ಮಾತು ಕೇಳಿದರು. ಅಪ್ಪನ ಬಳಿ ಉತ್ತರವಿರಲಿಲ್ಲ. ಅಪ್ಪ ಕೆಟ್ಟವರಲ್ಲ, ಟ್ರಂಕನ್ನು ಮನಸಾರೆ ಕೊಂಡವರೇ. ಆದರೆ ಆ ಒಂದು ಪ್ರಶ್ನೆಗೆ ಉತ್ತರವನ್ನು ಅವರು ಸಿದ್ಧಮಾಡಿಟ್ಟುಕೊಂಡಿರಲಿಲ್ಲ. ಕಾರ್ತಿಕದಲ್ಲಿ ಮದುವೆಯಾಯಿತು. ಹಸಿರು ಟ್ರಂಕು ಅಕ್ಕನ ಜೊತೆಯಲ್ಲೇ ಹೋಯಿತು, ಊರು ಮಾತ್ರ ಬೇರೆ.

ಮೂರು ವರ್ಷಗಳ ಬಳಿಕ ನಾನು ಕಾಲೇಜಿಗೆ ಸೇರಿದಾಗ ಯಾರೂ ಏನನ್ನೂ ಕೇಳಲಿಲ್ಲ. ಅಕ್ಕನಷ್ಟು ಅಂಕಗಳು ನನಗೆ ಎಂದೂ ಬಂದಿರಲಿಲ್ಲ. ಮುಂದೆ ಬಿ.ಎಡ್. ಮಾಡಿ ಮೇಷ್ಟರಾದ ಮೇಲೆ, ಎಸ್.ಎಸ್.ಎಲ್.ಸಿ.ಯ ಜಾಣ ಹೆಣ್ಣುಮಕ್ಕಳ ತಂದೆತಾಯಿಗಳು ಬಂದು "ದೂರ ಕಳಿಸೋಣವೇ ಸಾರ್?" ಎಂದು ಕೇಳುವಾಗ, ಮೊದಲ ಕೆಲವು ವರ್ಷ ನಾನೂ "ಹತ್ತಿರದ ಕಾಲೇಜೇ ಸಾಕಲ್ಲ" ಎಂದದ್ದುಂಟು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಒಮ್ಮೆ ಅಕ್ಕನ ಮನೆಗೆ ಹೋದಾಗ ಟ್ರಂಕಿನಲ್ಲಿ ಅಕ್ಕಿ ತುಂಬಿಟ್ಟಿದ್ದುದನ್ನು ಕಂಡೆ. ಮುಚ್ಚಳದ ಒಳಗಿನ ವಿಳಾಸ ಹಾಗೆಯೇ ಇತ್ತು. ಆಮೇಲೆ ಆ ಉತ್ತರವನ್ನು ನಾನು ಎಂದೂ ಕೊಡಲಿಲ್ಲ.

ಅಕ್ಕ ಮಾತ್ರ ಸುಮ್ಮನೆ ಕೂರಲಿಲ್ಲ. ಮಗಳನ್ನು ಎಂಜಿನಿಯರಿಂಗ್ ಓದಿಸಿದಳು. ಮೊಮ್ಮಗಳಿಗೆ ಎಂಟನೆಯ ತರಗತಿಯಿಂದ ಬೀಜಗಣಿತ ಕಲಿಸಿದವಳು ಅವಳೇ. ಐವತ್ತು ವರ್ಷ ಕಳೆದರೂ ಅವಳ ಕೈಯಿಂದ ಒಂದು ಸಮೀಕರಣ ಜಾರಿಹೋಗಿಲ್ಲ.

ಹಾಸ್ಟೆಲಿಗೆ ಹೊರಡುವ ಹಿಂದಿನ ಸಂಜೆ ಮೊಮ್ಮಗಳ ತಾಯಿ ಮತ್ತೆ ಪಟ್ಟಿ ಹಿಡಿದು ನಿಂತು, "ಏನು ಬಿಟ್ಟುಹೋಗಿದೆ?" ಎಂದಳು. ಅಕ್ಕ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ಏನೂ ಬಿಟ್ಟಿಲ್ಲ. ಅವಳಿಗೆ ದಿನಾ ಫೋನು ಮಾಡಿ ಪೀಡಿಸಬೇಡ, ಅಷ್ಟೇ" ಎಂದಳು.

ವಸ್ತುಗಳ ಪಟ್ಟಿ ಒಂದು ತಿಂಗಳಲ್ಲಿ ಮುಗಿಯುತ್ತದೆ. ಮನೆಯ ಹಿರಿಯರು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಾಗಲು ನಮ್ಮ ಮನೆಯಲ್ಲಿ ಐವತ್ತು ವರ್ಷ ಹಿಡಿಯಿತು. ಓದುಗರ ಮನೆಗಳಲ್ಲಿ ಅಷ್ಟು ಕಾಲ ಹಿಡಿಯದಿರಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.