ಸೈಕಲ್‌ನೋರು ಕೇಳಿದ ಬಂಡಿದಾರಿ

ಈ ಸಲ ಬೆಳೆ ವಿಚಾರ ಅಲ್ಲ, ದಾರಿ ವಿಚಾರ. ಸ್ವಲ್ಪ ಉದ್ದ ಇದೆ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ನಿಧಾನವಾಗಿ ಓದಿ.

ಹೋದ ಭಾನುವಾರ ಬೆಳಗ್ಗೆ ಹೊಲದ ಹತ್ರ ನಿಂತಿದ್ದೆ. ನಾಲೆ ಏರಿ ಮೇಲಿಂದ ಐದಾರು ಜನ ಸೈಕಲ್‌ನಲ್ಲಿ ಬಂದ್ರು, ಮೈಸೂರಿನೋರು. ತಲೆಗೆ ಟೋಪಿ, ಬಗ್ಗಿದ ಹ್ಯಾಂಡಲ್, ಆದ್ರೆ ಟೈರು ಮಾತ್ರ ರೇಸ್ ಸೈಕಲ್‌ಗಿಂತ ದಪ್ಪ. ಜಲ್ಲಿ, ಮಣ್ಣಿನ ದಾರೀಲಿ ಓಡ್ಸೋಕೆ ಅಂತಾನೇ ಮಾಡಿರೋದಂತೆ, ಹೆಸರು ಗ್ರಾವೆಲ್ ಬೈಕ್. ಒಬ್ರು ಫೋನ್ ತೋರಿಸಿ, "ಸಾರ್, ಇಲ್ಲಿಂದ ಆ ಕಡೆ ಊರಿಗೆ ದಾರಿ ಇದೆ ಅಂತ ತೋರಿಸ್ತಿದೆ, ಎಲ್ಲಿ?" ಅಂದ್ರು. ನೋಡಿದ್ರೆ ಚುಕ್ಕಿ ಗೆರೆ ಸೀದಾ ನಮ್ಮ ಬೇಲಿಗೆ ಬಂದು ನಿಂತಿತ್ತು.

"ಮೊದಲು ಇತ್ತು, ಈಗ ಇಲ್ಲ" ಅಂದೆ. ಅವರು ಥ್ಯಾಂಕ್ಸ್ ಹೇಳಿ ವಾಪಸ್ ತಿರುಗಿಸ್ಕೊಂಡು ಹೋದ್ರು. ನನಗೆ ಮಾತ್ರ ಆ ಮಾತು ಗಂಟಲಲ್ಲೇ ಉಳೀತು. ಯಾಕೆ ಅಂತ ಕೊನೇಲಿ ಹೇಳ್ತೀನಿ. ಮೊದಲು ಈ ದಾರಿಗಳು ಎಲ್ಲಿಂದ ಬಂದ್ವು ನೋಡೋಣ.

1800ರಲ್ಲಿ, ಟಿಪ್ಪು ಸತ್ತ ಮಾರನೇ ವರ್ಷ, ಫ್ರಾನ್ಸಿಸ್ ಬುಕನನ್ ಅನ್ನೋ ಕಂಪನಿಯ ಡಾಕ್ಟರು ಮೈಸೂರು ಸೀಮೆ ಸುತ್ತೋಕೆ ಹೊರಟ. ನಮ್ಮ ಪಿರಿಯಾಪಟ್ಟಣಕ್ಕೂ ಬಂದಿದ್ದ. ಯುದ್ಧದಲ್ಲಿ ಹಾಳಾದ ಕೋಟೆಯೊಳಗೆ ಹುಲಿ ಸೇರ್ಕೊಂಡಿದ್ವು ಅಂತ ಬರೆದಿದ್ದಾನೆ. ಆ ಕಾಲಕ್ಕೆ ಸಾಮಾನು ಸಾಗಿಸ್ತಿದ್ದದ್ದು ಹೆಚ್ಚಾಗಿ ಗಾಡಿ ಅಲ್ಲ, ಹೇರು ಎತ್ತು. ಎತ್ತಿನ ಬೆನ್ನ ಮೇಲೆ ಗೋಣಿ ಹೇರಿ, ಸಾಲಾಗಿ ಹೊಡ್ಕೊಂಡು ಹೋಗೋದು. ಅದಕ್ಕೆ ಕಾಲುದಾರಿ ಸಾಕು.

ಗಾಡಿ ಓಡಾಟ ಹೆಚ್ಚಾಗಿದ್ದು ರಸ್ತೆ ಬಂದ ಮೇಲೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ರಾಜ್ಯದಾದ್ಯಂತ ಸುಮಾರು 1,600 ಮೈಲಿ ರಸ್ತೆ ಆಯ್ತು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಮೇಲೆ ಮಡಿಕೇರಿಗೆ ಹೋಗೋ ದಾರಿ ದೊಡ್ಡ ಗಾಡಿ ದಾರಿ ಆಯ್ತು. ಕೊಡಗಿನ ಕಾಫಿ ಕೆಳಗಿಳೀತಿದ್ದದ್ದು ಈ ದಾರೀಲಿ. ಈಗ ಅದೇ ಹೈವೇ.

ಹುಣಸೂರಿಗೆ ಇನ್ನೊಂದು ಹಿರಿಮೆ ಇದೆ. ಅಮೃತಮಹಲ್ ಇಲಾಖೆಯ ಮುಖ್ಯ ಠಾಣೆ ಬಹಳ ಕಾಲ ಇಲ್ಲೇ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಆ ದನದ ಪಡೆಗೆ ಅಮೃತಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. ಫಿರಂಗಿ ಎಳೆಯೋಕೆ ಈ ಎತ್ತೇ ಬೇಕಾಗಿತ್ತು. ದನಗಳನ್ನ ಮಳೆ, ಬೇಸಿಗೆ ನೋಡ್ಕೊಂಡು ಒಂದು ಕಾವಲಿಂದ ಇನ್ನೊಂದು ಕಾವಲಿಗೆ ಹೊಡೀತಿದ್ರು. ಊರಿನ ಹೆಸರಿನ ಕೊನೇಲಿ 'ಕಾವಲ್' ಅಂತ ಬಂದ್ರೆ ಅಲ್ಲಿ ಹುಲ್ಲುಗಾವಲೂ ಇತ್ತು, ಅಲ್ಲಿಗೆ ದನ ಹೋಗೋ ದಾರಿನೂ ಇತ್ತು ಅಂತ ಅರ್ಥ.

ಅದರ ಜೊತೆಗೆ ಸಂತೆ ದಾರಿ, ಜಾತ್ರೆ ದಾರಿ. ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ ದನದ ಜಾತ್ರೆ. ನಮ್ಮ ತಾತ ಗಾಡಿ ಕಟ್ಕೊಂಡು, ಅಕ್ಕಿ, ಹುಲ್ಲು ಹಾಕ್ಕೊಂಡು, ರಾತ್ರಿಯೆಲ್ಲಾ ಹೊಡ್ಕೊಂಡು ಹೋಗ್ತಿದ್ರಂತೆ. ಊರಿಂದೂರಿಗೆ ಬಂಡಿ ಜಾಡು ಹಿಡಿದ್ರೆ ಡಾಂಬರು ರಸ್ತೆಗಿಂತ ಹತ್ರ. ಎಚ್.ಡಿ. ಕೋಟೆ ಕಡೆ ಹಿರಿಯರನ್ನ ಕೇಳಿ, ಕಬಿನಿ ನೀರಿನಡಿ ಹೋದ ದಾರಿಗಳ ಲೆಕ್ಕ ಹೇಳ್ತಾರೆ. 1974ರಲ್ಲಿ ಕಟ್ಟೆ ಮುಗೀತು. ಊರುಗಳು ಮುಳುಗಿದ್ವು, 1971ರಲ್ಲಿ ಕೊನೇ ಖೆಡ್ಡಾ ನಡೆದ ಕಾಕನಕೋಟೆ ಜಾಗಾನೂ ಮುಳುಗ್ತು, ದಾರಿಗಳೂ ಮುಳುಗಿದ್ವು. ಅವು ನೀರಿಗೆ ಹೋದ್ವು, ಒಪ್ಕೊಳ್ಳೋಣ. ಉಳಿದ ಕಡೆ ದಾರಿ ಹೋಗಿದ್ದು ನೇಗಿಲಿಗೆ.

ಈ ಜಾಡುಗಳು ಬರೀ ರೂಢಿ ಅಲ್ಲ, ಲೆಕ್ಕಕ್ಕೆ ಸೇರಿದ್ದು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ. ಚೈನು ಹಿಡಿದು ಹೊಲ ಹೊಲ ಅಳೆದು ನಂಬರ್ ಕೊಟ್ಟಾಗ ದಾರಿಗಳನ್ನೂ ನಕ್ಷೆಗೆ ಹಾಕಿದ್ರು. ಗ್ರಾಮ ನಕ್ಷೆಯಲ್ಲಿ ಒಂಟಿ ಚುಕ್ಕಿ ಗೆರೆ ಇದ್ರೆ ಕಾಲುದಾರಿ, ಜೋಡಿ ಚುಕ್ಕಿ ಗೆರೆ ಇದ್ರೆ ಬಂಡಿದಾರಿ. ನಾವು ನಕಾಶೆ ದಾರಿ ಅಂತೀವಲ್ಲ, ಅದೇ. ನಿಮ್ಮ ಸರ್ವೆ ನಂಬರ್ ಒಳಗೆ ದಾರಿ ಹೋಗಿದ್ರೆ ಆ ಗುಂಟೆಗಳನ್ನ 'ಬ' ಖರಾಬು ಅಂತ ಬಿಟ್ಟಿರ್ತಾರೆ. 'ಅ' ಖರಾಬು ಅಂದ್ರೆ ಸಾಗುವಳಿಗೆ ಬಾರದ ಜಾಗ, ಬಂಡೆ ಗಿಂಡೆ. 'ಬ' ಖರಾಬು ಸಾರ್ವಜನಿಕರದ್ದು. ನಮ್ಮ ಪಹಣಿಲೇ ನಮೂದಾಗಿದ್ರೂ ನಮ್ಮದಲ್ಲ.

ಈಗ ಆ ಸೈಕಲ್‌ನೋರ ಕಡೆ ಬರೋಣ. ಅವರ ಆಟದ ಬೇರು ಇರೋದು ದೂರದ ಫ್ರಾನ್ಸ್‌ನಲ್ಲಿ. ನಮ್ಮ ಬೆಂಗಳೂರು, ಮೈಸೂರಿನೋರು 200, 300, 600 ಕಿಲೋಮೀಟರ್ ಸೈಕಲ್ ತುಳಿದು 'ಬ್ರೆವೆ' ಮುಗಿಸಿದ್ವಿ ಅಂತಾರಲ್ಲ, ಆ ಪದವೇ ಫ್ರೆಂಚ್. ಪ್ಯಾರಿಸ್‌ನಿಂದ ಬ್ರೆಸ್ಟ್ ಊರಿಗೆ ಹೋಗಿ ವಾಪಸ್ ಬರೋ 1,200 ಕಿಲೋಮೀಟರ್ ಓಟ 1891ರಲ್ಲೇ ಶುರುವಾಯ್ತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತೆ, ಕರ್ನಾಟಕದೋರೂ ಹೋಗ್ತಾರೆ.

ಆ ದೇಶದಲ್ಲಿ ಹಳ್ಳಿ ಮಣ್ಣಿನ ದಾರೀಲಿ ಸೈಕಲ್ ತುಳಿಯೋಕೆ ಬೇರೆ ಬೇರೆ ದೇಶದಿಂದ ಜನ ಬರ್ತಾರೆ. ಅವರು ತುಳಿಯೋ ದಾರಿ ಯಾವುದು ಅಂದ್ಕೊಂಡ್ರಿ? ರೈತರ ಗಾಡಿ ದಾರಿ, ದ್ರಾಕ್ಷಿ ತೋಟದ ಓಣಿ, ಕಾಲುವೆ ಏರಿ. 'ಕನಾಲ್ ದ್ಯು ಮಿದಿ' ಅಂತ 240 ಕಿಲೋಮೀಟರ್ ಉದ್ದದ ಕಾಲುವೆ 1681ರಲ್ಲಿ ಮುಗೀತು. ದೋಣಿ ಎಳೆಯೋ ಕುದುರೆ ನಡೆಯೋಕೆ ಅಂತ ಏರಿ ಮೇಲೆ ದಾರಿ ಬಿಟ್ಟಿದ್ರು. ಈಗ ಕುದುರೆ ಇಲ್ಲ, ಸೈಕಲ್ ಇದೆ. ದಾರಿ ಹಂಗೇ ಇದೆ. ನಮ್ಮ ನಾಲೆ ಏರಿಗೂ ಅದಕ್ಕೂ ಏನ್ರೀ ವ್ಯತ್ಯಾಸ?

ಹಂಗಂತ ಅಲ್ಲೂ ಎಲ್ಲಾ ಉಳಿದಿಲ್ಲ. ಎರಡನೇ ಮಹಾಯುದ್ಧ ಆದ್ಮೇಲೆ ಸಣ್ಣ ಸಣ್ಣ ತುಂಡು ಜಮೀನು ಒಟ್ಟುಗೂಡಿಸಿ ಟ್ರ್ಯಾಕ್ಟರ್ ಓಡೋ ಹಂಗೆ ದೊಡ್ಡ ಹೊಲ ಮಾಡಿದ್ರು. ಬೇಲಿ ಸಾಲು ಕಿತ್ರು, ಅದರ ಜೊತೆ ಎಷ್ಟೋ ದಾರಿ ಉತ್ತು ಹಾಕಿದ್ರು. ಅಲ್ಲಿ ಹಳ್ಳಿ ದಾರಿ ಪಂಚಾಯ್ತಿ ಆಸ್ತಿ. ಆದ್ರೆ ಬಹಳ ವರ್ಷ ಯಾರೂ ಕೇಳದೆ ಅನುಭವಿಸ್ಕೊಂಡು ಬಂದ್ರೆ ಅದು ಪಕ್ಕದ ಹೊಲದೋನಿಗೆ ಸೇರಿಹೋಗೋ ಅಪಾಯ ಇತ್ತು. ಅದಕ್ಕೇ 2022ರ ಫೆಬ್ರವರಿಯಲ್ಲಿ ಕಾನೂನು ತಂದ್ರು: ಪಂಚಾಯ್ತಿ ತನ್ನ ದಾರಿಗಳ ಪಟ್ಟಿ ಮಾಡೋಕೆ ತೀರ್ಮಾನ ಮಾಡಿದ್ರೆ, ಆ ಅನುಭವದ ಲೆಕ್ಕ ಅಲ್ಲಿಗೆ ನಿಲ್ಲುತ್ತೆ. ಮೊದಲು ಪಟ್ಟಿ ಮಾಡ್ಕೊಳ್ಳಿ, ಆಮೇಲೆ ಜಗಳ ಅನ್ನೋ ಹಂಗೆ.

ಇನ್ನೊಂದು ಕಥೆ. 1896ರಿಂದ ನಡೀತಿರೋ ಪ್ಯಾರಿಸ್-ರೂಬೆ ಸೈಕಲ್ ಓಟ ಕಲ್ಲು ಹಾಸಿನ ರೈತ ದಾರಿಗೇ ಹೆಸರುವಾಸಿ. 1960ರ ದಶಕದಲ್ಲಿ ಒಂದೊಂದೇ ಊರು ಡಾಂಬರು ಹಾಕಿಸ್ಕೊಂಡು, ಕಲ್ಲು ದಾರಿ ಹುಡುಕಾಡೋ ಹಂಗಾಯ್ತು. ಕೊನೆಗೆ ಓಟದ ಅಭಿಮಾನಿಗಳೇ ಸಂಘ ಕಟ್ಟಿ, ಕಲ್ಲು ಕೂರಿಸಿ ದಾರಿ ಉಳಿಸ್ಕೊಂಡ್ರು. ಆ ದಾರೀಲಿ ವರ್ಷಕ್ಕೆ ಒಂದು ದಿನ ಸೈಕಲ್ ಓಡುತ್ತೆ, ಉಳಿದ ದಿನ ರೈತರ ಟ್ರ್ಯಾಕ್ಟರ್ ಓಡುತ್ತೆ.

ಬೇಸಾಯದ ದಾರಿಗೆ ಸೈಕಲ್‌ನೋರೇ ಬರಬೇಕು ಅಂತ ಏನಿಲ್ಲ. ದಾರಿ ಉಳಿಯೋದು ಎರಡರಿಂದ: ಕಾಗದದಲ್ಲಿ ಇರಬೇಕು, ಕಾಲೂ ಓಡಾಡ್ಬೇಕು. ನಮ್ಮಲ್ಲಿ ಕಾಗದ ಇದೆ. ಕಾಲು ನಿಂತುಹೋಯ್ತು. ಎತ್ತಿನ ಗಾಡಿ ಹೋದ ಮೇಲೆ ಬೈಕು, ಆಟೋ ಡಾಂಬರು ರಸ್ತೆ ಹಿಡಿದ್ವು. ಖಾಲಿ ಬಿದ್ದ ಜಾಡಿಗೆ ಒಂದೊಂದೇ ಸಾಲು ನೇಗಿಲು ಇಳೀತು. ಒಂದು ವರ್ಷಕ್ಕೆ ಒಂದು ಸಾಲು, ಯಾರಿಗೂ ಗೊತ್ತಾಗಲ್ಲ. ಇಪ್ಪತ್ತು ವರ್ಷಕ್ಕೆ ದಾರಿನೇ ಇಲ್ಲ.

ಈಗ ನನ್ನ ವಿಚಾರ. ಆ ಭಾನುವಾರ ರಾತ್ರಿ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿದೆ, ಆಮೇಲೆ ಗ್ರಾಮ ನಕ್ಷೆ ಹುಡುಕಿದೆ. ಜೋಡಿ ಚುಕ್ಕಿ ಗೆರೆ ನಮ್ಮ ಹೊಲದ ಬದುವಿನ ಪಕ್ಕಾನೇ ಇದೆ. ಪಹಣಿಯಲ್ಲಿ 'ಬ' ಖರಾಬೂ ಇದೆ. ನಮ್ಮಪ್ಪ ನಾಲ್ಕು ಸಾಲು ಒತ್ತಿದ್ರು, ನಾನು ಉಳಿದಿದ್ದು ಒತ್ತಿ ಕಲ್ಲು ಕಂಬ ನೆಟ್ಟು ತಂತಿ ಎಳೆದೆ. "ದಾರಿ ಇಲ್ಲ" ಅಂತ ಸೈಕಲ್‌ನೋರಿಗೆ ಹೇಳಿದ್ನಲ್ಲ, ಇಲ್ಲದ ಹಂಗೆ ಮಾಡಿದ್ದೇ ನಾನು.

ಸೈಕಲ್‌ನೋರು ವಾಪಸ್ ಹೋದ್ರು, ಅವರಿಗೇನೂ ನಷ್ಟ ಇಲ್ಲ. ಆದ್ರೆ ನಮ್ಮ ಹಿಂದುಗಡೆ ಮೂರು ಮನೆಯೋರ ಜಮೀನಿದೆ. ಹೊಗೆಸೊಪ್ಪು ಮುರಿಯೋ ಕಾಲದಲ್ಲಿ ಬ್ಯಾರನ್‌ಗೆ ಸೊಪ್ಪು ತಲೆ ಮೇಲೆ ಹೊತ್ತು ಸುತ್ತಾಕಿ ಬರ್ತಾರೆ. ಅದ್ರಲ್ಲಿ ಒಬ್ರು ವಯಸ್ಸಾದೋರು, ಟ್ರ್ಯಾಕ್ಟರ್ ಒಳಗೆ ಹೋಗಲ್ಲ ಅಂತ ಎರಡು ವರ್ಷದಿಂದ ಬೀಳು ಬಿಟ್ಟಿದ್ದಾರೆ. ನನ್ನ ಹತ್ರ ಒಂದು ಮಾತೂ ಆಡಿಲ್ಲ. ಆಡಿದ್ರೆ ನಾನು ಜಗಳಕ್ಕೆ ನಿಲ್ತಿದ್ನೇನೋ.

ಮೊನ್ನೆ ಅವರ ಮನೆಗೆ ಹೋಗಿ, "ಅಣ್ಣ, ಬಿತ್ತನೆ ಮುಂಚೆ ಬೇಲಿ ಹಿಂದಕ್ಕೆ ಹಾಕ್ತೀನಿ, ಸರ್ವೆಯೋರನ್ನ ಕರೆಸಿ ಅಳತೆ ಮಾಡಿಸೋಣ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಫಿ ಕುಡಿದು ಹೋಗು" ಅಂದ್ರು. ಅಷ್ಟೇ.

ದಾರಿ ತಕರಾರು ಇರೋರಿಗೆ ನಾಲ್ಕು ಮಾತು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಸಾರ್ವಜನಿಕ ದಾರಿ, ಓಣಿ ಎಲ್ಲ ಸರ್ಕಾರದ್ದು. ನಕ್ಷೆಯಲ್ಲಿ ಇಲ್ಲದಿದ್ರೂ, 20 ವರ್ಷ ಅಡ್ಡಿ ಇಲ್ಲದೆ ಹಕ್ಕಿನಿಂದ ಓಡಾಡಿದ್ರೆ 1882ರ ಈಸ್‌ಮೆಂಟ್ ಕಾಯ್ದೆಯಡಿ ಹಕ್ಕು ಕೇಳ್ಬಹುದು. ಬಂಡಿದಾರಿ, ಕಾಲುದಾರಿಗೆ ಅಡ್ಡಿ ಮಾಡಿದ್ರೆ ತಹಶೀಲ್ದಾರ್ ಬಿಡಿಸಿಕೊಡ್ಬೇಕು ಅಂತ ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆನೂ ಹೊರಡಿಸಿದೆ. ಅರ್ಜಿ ಜೊತೆ ಗ್ರಾಮ ನಕ್ಷೆ, ಪಹಣಿ ಇಟ್ಟು ಕೊಡಿ. ಆದ್ರೆ ಅರ್ಜಿಗಿಂತ ಮೊದಲು ಒಂದು ಸಲ ಪಕ್ಕದೋರ ಜಗಲಿ ಮೇಲೆ ಕೂತು ಮಾತಾಡಿ. ಹಂಗೇ ನಿಮ್ಮ ಸ್ವಂತ ಹೊಲದ ನಕ್ಷೆನೂ ಒಂದು ಸಲ ನೋಡ್ಕೊಳ್ಳಿ. ದಾರಿ ಕೇಳೋರೇ ಇನ್ನೊಂದು ಕಡೆ ದಾರಿ ಒತ್ತಿರ್ತೀವಿ.

ನಿಮ್ಮೂರಲ್ಲಿ ಹಳೇ ಬಂಡಿದಾರಿಗೆ ಹೆಸರಿದ್ರೆ ಕೆಳಗೆ ಬರೀರಿ. ಯಾವ ಊರಿಂದ ಯಾವ ಊರಿಗೆ, ಈಗ ಎಲ್ಲಿವರೆಗೆ ಗಾಡಿ ಹೋಗುತ್ತೆ ಅಂತಾನೂ ಬರೀರಿ. ನಾಲ್ಕು ತಾಲ್ಲೂಕಿನದ್ದೂ ಸೇರಿಸಿ ಒಂದು ಪಟ್ಟಿ ಮಾಡ್ತೀನಿ. ಆ ಸೈಕಲ್‌ನೋರು ಮತ್ತೆ ಬಂದ್ರೆ ಈ ಸಲ ದಾರಿ ತೋರಿಸ್ಬೇಕು.