ಅರುಣಾ ಶಾನಭಾಗರ ಪರವಾಗಿ ಮಾತಾಡುವವರು ಯಾರು?

ವಿಕ್ರೋಳಿಯಲ್ಲಿ ಸ್ಲೋ ಲೋಕಲ್ ಹತ್ತಿದರೆ ಏಳನೆಯ ಸ್ಟೇಶನ್ ಪರೇಲ್. ಅಲ್ಲಿರುವ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹಳದೀಪುರದ ಅರುಣಾ ಶಾನಭಾಗ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕಸಗುಡಿಸುವ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಆಮ್ಲಜನಕ ನಿಂತುಹೋಯಿತು. ಆಗ ಅವರಿಗೆ 25 ವರ್ಷ. 2015ರ ಮೇ 18ರಂದು ತೀರಿಕೊಳ್ಳುವ ತನಕ ಅಲ್ಲೇ ಹಾಸಿಗೆಯಲ್ಲಿದ್ದರು.

ದಯಾಮರಣದ ಬಗ್ಗೆ ನಮ್ಮ ದೇಶದ ಕಾನೂನು ಶುರುವಾಗುವುದು ಈ ಹಾಸಿಗೆಯಿಂದಲೇ. ಅರುಣಾ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಆಹಾರ ಕೊಡುವುದನ್ನು ನಿಲ್ಲಿಸಿ ಅವರನ್ನು ನೆಮ್ಮದಿಯಾಗಿ ಹೋಗಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಕೆ.ಇ.ಎಂ. ನರ್ಸುಗಳು ಒಪ್ಪಲಿಲ್ಲ. ಅಷ್ಟು ವರ್ಷ ಮಲಗಿದ್ದರೂ ಅರುಣಾ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಇರಲಿಲ್ಲ. ಮೀನು, ಕೋಳಿ ಸೂಪು ಅವರಿಗೆ ಇಷ್ಟವೆಂಬುದೂ ಕೋರ್ಟಿನ ದಾಖಲೆಯಲ್ಲಿದೆ.

ಕೋರ್ಟು ಮೂವರು ವೈದ್ಯರನ್ನು ಪರೀಕ್ಷೆಗೆ ಕಳಿಸಿತು: ತೀವ್ರನಿಗಾ ತಜ್ಞ ಜೆ.ವಿ. ದಿವಾಟಿಯಾ, ನರರೋಗ ತಜ್ಞ ರೂಪ್ ಗುರ್ಸಹಾನಿ, ಮನೋವೈದ್ಯ ನಿಲೇಶ್ ಶಾ. ನೀತಿತಜ್ಞರೆಂದು ಯಾರೂ ಹೋಗಲಿಲ್ಲ. ಆದರೂ ಅವರ ಶಾಸ್ತ್ರದ ಎರಡು ಮಾತುಗಳು, ರೋಗಿಯ ಸ್ವಾಯತ್ತತೆ ಮತ್ತು ರೋಗಿಯ ಹಿತ, 2011ರ ಮಾರ್ಚ್ 7ರ ತೀರ್ಪಿನಲ್ಲಿವೆ. ಮಾತು ಬಂತು, ಮಾತಿನವರು ಬರಲಿಲ್ಲ ಅನ್ನಿ.

ಬೇರೆ ಕೆಲವು ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಅಂಥವರು ಮನೆಯವರನ್ನೂ ವೈದ್ಯರನ್ನೂ ಕೂರಿಸಿ ಮಾತಾಡಿಸುತ್ತಾರೆ. ತೀರ್ಮಾನ ಅವರದಲ್ಲ. ಈ ರೋಗಿ ಏನು ಬಯಸುತ್ತಿದ್ದಳು, ಅವಳ ಪರವಾಗಿ ಮಾತಾಡುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಡುವುದು ಅವರ ಕೆಲಸ.

ನಮ್ಮ ತೀರ್ಪಿನಲ್ಲಿ ಎರಡೂ ಕಲೆತುಹೋದವು. ಸ್ವತಃ ದಾವೆ ಹೂಡಲಾರದವರ ಪರವಾಗಿ ನಿಲ್ಲುವವರನ್ನು ಕಾನೂನು 'ನೆಕ್ಸ್ಟ್ ಫ್ರೆಂಡ್' ಎನ್ನುತ್ತದೆ. ಹಿಂದಿಯಲ್ಲಿ ಇದು ವಾದಮಿತ್ರ. ಅನುವಾದಕಿಯಾಗಿ ನನಗೆ ಈ 'ಮಿತ್ರ'ನದೇ ತೊಡಕು: ಕಾನೂನಿನ ಪಾತ್ರಕ್ಕೆ ಅಕ್ಕರೆಯ ಬಣ್ಣ ಬಂದುಬಿಡುತ್ತದೆ. ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು, ಜ್ಞಾನ ಸುಧಾ ಮಿಶ್ರಾ ಆ ಬಣ್ಣವನ್ನೇ ನೋಡಿದರೇನೋ. ವಿರಾನಿ ಅಲ್ಲ, ಹಗಲಿರುಳು ಆರೈಕೆ ಮಾಡಿದ ಕೆ.ಇ.ಎಂ. ಸಿಬ್ಬಂದಿಯೇ ನಿಜವಾದ ಮಿತ್ರರು ಎಂದರು. ಅರ್ಜಿ ವಜಾ ಆಯಿತು. ಆದರೆ ಹೈಕೋರ್ಟಿನ ಒಪ್ಪಿಗೆ ಪಡೆದು ಜೀವಾಧಾರ ಹಿಂತೆಗೆಯಬಹುದೆಂಬ ದಾರಿಯೂ ಅದೇ ತೀರ್ಪಿನಿಂದ ತೆರೆಯಿತು.

ನರ್ಸುಗಳ ಪ್ರೀತಿಯನ್ನು ಅನುಮಾನಿಸಲು ನನಗೆ ಯಾವ ಹಕ್ಕೂ ಇಲ್ಲ. ಆದರೆ 2011ರಲ್ಲಿ ಕೆಲಸದಲ್ಲಿದ್ದವರಲ್ಲಿ ಬಹುಪಾಲು ಜನ 1973ರ ಆಚೆ ಬಂದವರು. ಅರುಣಾ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ವಿರಾನಿಯೂ ಕೇಳಿರಲಿಲ್ಲ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಮುಂಗಡ ಇಚ್ಛಾಪತ್ರವನ್ನು ಮಾನ್ಯ ಮಾಡಿತು. 2023ರಲ್ಲಿ ಕ್ರಮ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ಆಮೇಲೆ ವೈದ್ಯರ ಎರಡು ಮಂಡಳಿಗಳು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶಿಸಿತು. ಎರಡು ಮಂಡಳಿಗಳಲ್ಲೂ ವೈದ್ಯರಷ್ಟೇ. 2024ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡಿನಲ್ಲಿ ಮಾತ್ರ ಆಸ್ಪತ್ರೆಯ ನೀತಿ ಸಮಿತಿಗೆ ಜಾಗವಿದೆ.

ತೀರ್ಪು ಇನ್ನೊಂದು ಮಾತನ್ನೂ ಹೇಳಿತ್ತು: ಕೆ.ಇ.ಎಂ. ಸಿಬ್ಬಂದಿ ಮುಂದೆಂದಾದರೂ ಮನಸ್ಸು ಬದಲಿಸಿದರೆ ಬಾಂಬೆ ಹೈಕೋರ್ಟಿಗೆ ಹೋಗಬಹುದು. ಅವರು ಹೋಗಲಿಲ್ಲ. ನಾಲ್ಕು ವರ್ಷಗಳ ಮೇಲೆ ನ್ಯುಮೋನಿಯಾ ಬಂತು, ಅರುಣಾರನ್ನು ವೆಂಟಿಲೇಟರಿಗೆ ಹಾಕಿದರು.